ಹುಟ್ಟಿನ ಹೊಳಪು, ಒರೆಸಿದ ಹೊಳಪು

ಡಬ್ಲಿನ್ ನಗರದ ಉತ್ತರಕ್ಕಿರುವ ಡ್ರಮ್‌ಕಾಂಡ್ರಾದಲ್ಲಿ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಆಚೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಂಟಿಯಾಗಿ ವಾಸಿಸುತ್ತಾರೆ. ಇಲ್ಲಿ ಎಷ್ಟೇ ಹಿರಿಯರಾದರೂ ಹೆಸರು ಹಿಡಿದು ಕರೆಯುವುದೇ ವಾಡಿಕೆ. ಸಾಗರದ ಮನೆಯಲ್ಲಿ ಬೆಳೆದ ನನ್ನ ನಾಲಿಗೆ ಅದಕ್ಕೆ ಇಂದಿಗೂ ಒಗ್ಗಿಲ್ಲ. ಬಾಯಲ್ಲಿ ಹೆಸರು ಹೇಳಿದರೂ ಮನಸ್ಸಿನಲ್ಲಿ ‘ಅಜ್ಜಿ’ ಎಂದು ಸೇರಿಸಿಕೊಳ್ಳುತ್ತೇನೆ. ಅವರ ಒಬ್ಬನೇ ಮಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾನೆ. ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ ದೂರವಾಣಿಯ ಕಡೆ ಕಿವಿಯಿಟ್ಟು ಕೂರುವ ತಂದೆತಾಯಿ ನಮ್ಮೂರಿನಲ್ಲಿ ಮಾತ್ರ ಇದ್ದಾರೆಂದು ನಾನು ಭಾವಿಸಿದ್ದೆ. ಐರ್ಲೆಂಡಿಗೆ ಆ ಅನುಭವ ನಮಗಿಂತ ಬಹಳ ಹಳೆಯದು.

ಕಳೆದ ಜನವರಿಯ ಒಂದು ಸಂಜೆ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಮಾಸಿದ ಕಾಗದದ ಲಕೋಟೆ, ಅದರೊಳಗೆ ಅಗಲವಾದ ಒಂದು ಬೆಳ್ಳಿಯ ನಾಣ್ಯ. “ನೀನು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ನೋಡುವವಳು. ಇದನ್ನೊಮ್ಮೆ ನೋಡಿ ಹೇಳು” ಎಂದರು. ಮೊಮ್ಮಗನ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಅದನ್ನು ಕಳುಹಿಸುವ ಮೊದಲು ಬೆಲೆ ತಿಳಿಯೋಣವೆಂದು ಅವರು ಒಬ್ಬ ವ್ಯಾಪಾರಿಗೆ ತೋರಿಸಿದ್ದರಂತೆ. ಆತ ಒಮ್ಮೆ ಕಣ್ಣಾಡಿಸಿ, “ಯಾರೋ ಚೆನ್ನಾಗಿ ಉಜ್ಜಿ ಹೊಳೆಯಿಸಿದ್ದಾರೆ, ಬೆಳ್ಳಿಯ ತೂಕದ ಬೆಲೆ ಮಾತ್ರ ಕೊಡಬಲ್ಲೆ” ಎಂದನಂತೆ. ಹಣ ಕಡಿಮೆಯಾಯಿತೆಂದು ಅಜ್ಜಿಗೆ ಬೇಸರವಿರಲಿಲ್ಲ. ಬಸ್ಸಿನ ಚಾಲಕರಾಗಿದ್ದ ಅವರ ಪತಿ 1966ರಲ್ಲಿ ಕಿತ್ತಳೆ ಬಣ್ಣದ ಹತ್ತು ಶಿಲಿಂಗಿನ ನೋಟು ಕೊಟ್ಟು ಬ್ಯಾಂಕಿನಿಂದ ಈ ನಾಣ್ಯವನ್ನು ತಂದಿದ್ದರು. ತಂದ ದಿನದಿಂದ ಸಾಯುವವರೆಗೂ, “ಇದನ್ನು ನಾನು ಬಟ್ಟೆಯಿಂದ ಕೂಡ ಮುಟ್ಟಿಲ್ಲ, ಇದು ಹುಟ್ಟಿದ್ದೇ ಹೀಗೆ” ಎನ್ನುತ್ತಿದ್ದರು. ವ್ಯಾಪಾರಿಯ ಮಾತು ನಿಜವಾದರೆ ಪತಿಯ ಮಾತು ಸುಳ್ಳಾಗುತ್ತದೆ. ಅಜ್ಜಿಯನ್ನು ಕಾಡುತ್ತಿದ್ದದ್ದು ಅದು.

ನಾಣ್ಯಗಳ ವಿಷಯ ನನಗೆ ಅಷ್ಟಿಷ್ಟು ತಿಳಿದಿರುವುದು ಅಪ್ಪನಿಂದ. ಅವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದರು. ಕೌಂಟರಿಗೆ ಬರುವ ಚಿಲ್ಲರೆಯಲ್ಲಿ ಚೆಂದದ್ದು ಕಂಡರೆ ತಮ್ಮ ಜೇಬಿನ ದುಡ್ಡು ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದರು. ಆದರೆ ಹೊಳಪಿನ ಪಾಠವನ್ನು ನಾನು ಕಲಿತದ್ದು ಐರ್ಲೆಂಡಿಗೆ ಬಂದ ಮೊದಲ ವರ್ಷ, ಕೈ ಸುಟ್ಟುಕೊಂಡು. ನಾಣ್ಯ ಸಂತೆಯೊಂದರಲ್ಲಿ ಸಾಲ್ಮನ್ ಮೀನಿನ ಚಿತ್ರವಿರುವ 1928ರ ಫ್ಲೋರಿನ್ ಕಂಡಿತು. ಕನ್ನಡಿಯಂತೆ ಮಿರಮಿರ ಮಿಂಚುತ್ತಿತ್ತು, ಚೀಟಿಯಲ್ಲಿ ‘ಪ್ರೂಫ್’ ಎಂದು ಬರೆದಿತ್ತು. 90 ಯೂರೋ ಕೊಟ್ಟು ತಂದು ಅಪ್ಪನಿಗೆ ಚಿತ್ರ ಕಳುಹಿಸಿದೆ. ಅಪ್ಪ ಎರಡು ದಿನ ಸುಮ್ಮನಿದ್ದು, “ಮಗಳೇ, ಬೆಳ್ಳಗಿರುವುದೆಲ್ಲಾ ಹಾಲಲ್ಲ” ಎಂದರು. ಅದು ಸಾಮಾನ್ಯ ಚಲಾವಣೆಯ ನಾಣ್ಯ. ಯಾರೋ ಲೋಹ ಹೊಳೆಯಿಸುವ ಲೇಪ ಹಚ್ಚಿ ತಿಕ್ಕಿದ್ದರು. ಮೀನಿನ ಹುರುಪೆಗಳು ಮೊಂಡಾಗಿದ್ದುದನ್ನು ನನ್ನ ಕಣ್ಣು ಅಂದು ಗುರುತಿಸಿರಲಿಲ್ಲ.

ಆ 1928ರ ನಾಣ್ಯಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಹೊಸದಾಗಿ ಸ್ವತಂತ್ರವಾದ ಐರ್ಲೆಂಡ್ ತನ್ನದೇ ನಾಣ್ಯಗಳನ್ನು ಹೊರತರಲು ನಿರ್ಧರಿಸಿದಾಗ ವಿನ್ಯಾಸಗಳನ್ನು ಆರಿಸುವ ಸಮಿತಿಗೆ ಅಧ್ಯಕ್ಷರಾದವರು ಕವಿ ಡಬ್ಲ್ಯೂ.ಬಿ. ಯೇಟ್ಸ್, ರವೀಂದ್ರನಾಥ ಟ್ಯಾಗೋರರ ಇಂಗ್ಲಿಷ್ ಗೀತಾಂಜಲಿಗೆ ಮುನ್ನುಡಿ ಬರೆದ ಅದೇ ಯೇಟ್ಸ್. ರಾಜರ ಮುಖವಾಗಲಿ ನಾಯಕರ ಮುಖವಾಗಲಿ ಆ ನಾಣ್ಯಗಳಲ್ಲಿಲ್ಲ. ಒಂದು ಮಗ್ಗುಲಲ್ಲಿ ಹಾರ್ಪ್ ವಾದ್ಯ, ಇನ್ನೊಂದರಲ್ಲಿ ಕುದುರೆ, ಮೀನು, ಗೂಳಿ, ಬೇಟೆನಾಯಿ, ಮೊಲ, ಮರಿಗಳೊಡನೆ ಕೋಳಿ, ಮರಿಗಳೊಡನೆ ಹಂದಿ, ವುಡ್‌ಕಾಕ್ ಹಕ್ಕಿ. ಇವನ್ನು ರೂಪಿಸಿದವರು ಪರ್ಸಿ ಮೆಟ್‌ಕಾಫ್ ಎಂಬ ಶಿಲ್ಪಿ; ಟಂಕಿಸಿದ್ದು ಲಂಡನ್ನಿನ ರಾಯಲ್ ಮಿಂಟ್. ಡಬ್ಲಿನ್ನಿಗೆ ಬರುವ ನೆಂಟರು ಕಾಲಿನ್ಸ್ ಬ್ಯಾರಕ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಐರಿಷ್ ನಾಣ್ಯಗಳ ಸಾವಿರ ವರ್ಷದ ಪ್ರದರ್ಶನವನ್ನು ತಪ್ಪದೆ ನೋಡಲಿ.

ಅಜ್ಜಿಯ ನಾಣ್ಯ ಆ ಸಾಲಿಗೆ ಸೇರಿದ್ದಲ್ಲ. 1916ರ ಈಸ್ಟರ್ ದಂಗೆಗೆ ಐವತ್ತು ವರ್ಷ ತುಂಬಿದ ನೆನಪಿಗೆ 1966ರಲ್ಲಿ ಹೊರಬಂದ ಹತ್ತು ಶಿಲಿಂಗಿನ ನಾಣ್ಯ ಅದು. ವಾಡಿಕೆಯ ಹಾರ್ಪ್ ಇದರ ಮೇಲಿಲ್ಲ. ಒಂದು ಮಗ್ಗುಲಲ್ಲಿ ದಂಗೆಯ ನಾಯಕ ಪ್ಯಾಟ್ರಿಕ್ ಪಿಯರ್ಸ್ ಅವರ ಮುಖ, ಮತ್ತೊಂದರಲ್ಲಿ ಪುರಾಣವೀರ ಕುಹುಲಿನ್ ಸಾಯುವ ದೃಶ್ಯ. ಓಕಾನೆಲ್ ಬೀದಿಯ ಪ್ರಧಾನ ಅಂಚೆ ಕಚೇರಿಯಲ್ಲಿರುವ ಆಲಿವರ್ ಶೆಪರ್ಡ್ ಅವರ ಕಂಚಿನ ಶಿಲ್ಪವೇ ಈ ಚಿತ್ರಕ್ಕೆ ಮೂಲ. ಸಾಯುತ್ತಿರುವ ವೀರನ ಹೆಗಲ ಮೇಲೆ ಕಾಗೆಯ ಜಾತಿಯ ದೊಡ್ಡ ಹಕ್ಕಿಯೊಂದು ಕುಳಿತಿದೆ. ಅದೇ ಕಟ್ಟಡದ ಮುಂದೆ ನಿಂತು ಪಿಯರ್ಸ್ 1916ರ ಏಪ್ರಿಲ್ 24ರಂದು ಸ್ವಾತಂತ್ರ್ಯದ ಘೋಷಣೆಯನ್ನು ಓದಿದರು. ಮೇ 3ರಂದು ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರು ಶಾಲೆಯೊಂದನ್ನು ನಡೆಸುತ್ತಿದ್ದ ಅಧ್ಯಾಪಕರೂ ಹೌದು. 1913ರಲ್ಲಿ ಡಬ್ಲಿನ್ನಿನ ಆಬಿ ರಂಗಮಂದಿರದಲ್ಲಿ ಟ್ಯಾಗೋರರ ‘ಡಾಕ್‌ಘರ್’ ನಾಟಕ ಇಂಗ್ಲಿಷಿನಲ್ಲಿ ಪ್ರದರ್ಶನಗೊಂಡದ್ದು ಆ ಶಾಲೆಯ ಸಹಾಯಾರ್ಥವಾಗಿ. ಅಂಚೆ ಕಚೇರಿಯ ಹೆಸರಿನ ನಾಟಕದಿಂದ ನೆರವು ಪಡೆದವರು ಮೂರೇ ವರ್ಷಗಳಲ್ಲಿ ಅಂಚೆ ಕಚೇರಿಯನ್ನೇ ಕೋಟೆಯಾಗಿಸಿಕೊಂಡರು!

ಶೇಕಡ 83ಕ್ಕೂ ಸ್ವಲ್ಪ ಹೆಚ್ಚು ಬೆಳ್ಳಿಯಿರುವ ಈ ನಾಣ್ಯವನ್ನು ಸುಮಾರು 20 ಲಕ್ಷ ಸಂಖ್ಯೆಯಲ್ಲಿ ಟಂಕಿಸಿದರು. ಜನ ಅದನ್ನು ಚಲಾವಣೆಗೆ ಒಪ್ಪಿಕೊಳ್ಳಲಿಲ್ಲ. ಸುಮಾರು 12.7 ಲಕ್ಷ ನಾಣ್ಯಗಳನ್ನು ಹಿಂದಕ್ಕೆ ತರಿಸಿ ಕರಗಿಸಬೇಕಾಯಿತು. ಸಂಗ್ರಾಹಕರಿಗೆಂದೇ ತಯಾರಿಸಿದ 20,000 ಪ್ರೂಫ್ ನಾಣ್ಯಗಳು ಹಸಿರು ಡಬ್ಬಿಗಳಲ್ಲಿ ಮಾರಾಟವಾದವು. ಇಂದಿನ ಗೊಂದಲದ ಮೂಲ ಇಲ್ಲಿದೆ. ಡಬ್ಬಿ ಕಳೆದುಹೋದ ಪ್ರೂಫ್, ಹುಟ್ಟಿನಿಂದಲೇ ಹೊಳೆಯುವ ಸಾಮಾನ್ಯ ನಾಣ್ಯ, ಯಾರೋ ಉಜ್ಜಿ ಹೊಳೆಯಿಸಿದ ನಾಣ್ಯ, ಈ ಮೂರೂ ಒಂದೇ ತಟ್ಟೆಯಲ್ಲಿ ಬಿದ್ದರೆ ಅವಸರದ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ.

‘ಪ್ರೂಫ್’ ಎಂಬ ಮಾತು ಪತ್ರಿಕೆಯ ಓದುಗರಿಗೆ ಹೊಸದಲ್ಲ. ಮುದ್ರಣಾಲಯದಲ್ಲಿ ಪುಟ ಅಚ್ಚಿಗೆ ಹೋಗುವ ಮೊದಲು ಕರಡು ತೆಗೆದು ನೋಡುವಂತೆ, ಟಂಕಸಾಲೆಯಲ್ಲಿಯೂ ಅಚ್ಚನ್ನು ಪರೀಕ್ಷಿಸಲು ಮೊದಲು ಎಚ್ಚರಿಕೆಯಿಂದ ಒಂದೆರಡು ನಾಣ್ಯ ಹೊಡೆಯುತ್ತಿದ್ದರು. ಮುಂದೆ ಅದು ಸಂಗ್ರಾಹಕರಿಗಾಗಿ ತಯಾರಿಸುವ ವಿಶೇಷ ನಾಣ್ಯದ ಹೆಸರಾಯಿತು. ಅದಕ್ಕೆ ಅಚ್ಚನ್ನೂ ಬಿಲ್ಲೆಯನ್ನೂ ಕನ್ನಡಿಯಂತೆ ನಯಗೊಳಿಸಿ, ಒಂದಕ್ಕಿಂತ ಹೆಚ್ಚು ಬಾರಿ ನಿಧಾನವಾಗಿ ಒತ್ತಿ, ಒಂದೊಂದನ್ನೇ ಕೈಯಿಂದ ತೆಗೆಯುತ್ತಾರೆ. ಚಲಾವಣೆಯ ನಾಣ್ಯಕ್ಕೆ ಈ ಉಪಚಾರವಿಲ್ಲ. ಯಂತ್ರ ಒಮ್ಮೆ ಒತ್ತುತ್ತದೆ, ನಾಣ್ಯ ಗುಡ್ಡೆಗೆ ಬೀಳುತ್ತದೆ, ಚೀಲ ಸೇರುತ್ತದೆ. ಆದರೆ ಆ ಯಂತ್ರದ ಅಚ್ಚನ್ನೂ ಆಗಾಗ ಉಜ್ಜಿ ನಯಗೊಳಿಸಲೇಬೇಕು. ಹಾಗೆ ನಯಗೊಳಿಸಿದ ಅಚ್ಚಿನಿಂದ ಮೊದಮೊದಲು ಬರುವ ನಾಣ್ಯಗಳ ಬಯಲು ಭಾಗ ಕನ್ನಡಿಯಂತಿರುತ್ತದೆ. ಇವೇ ‘ಪ್ರೂಫ್‌ಲೈಕ್’; ಪ್ರೂಫ್ ಅಲ್ಲ, ಪ್ರೂಫಿನ ಹಾಗೆ. ಅಚ್ಚು ದುಡಿದಂತೆಲ್ಲ ಲೋಹದ ಒತ್ತಡ ಅದರ ಮೇಲೆ ಸೂಕ್ಷ್ಮ ಗೆರೆಗಳನ್ನು ಮೂಡಿಸುತ್ತದೆ, ಕನ್ನಡಿ ಮಸುಕಾಗುತ್ತದೆ. ಅನಂತರದ ನಾಣ್ಯಗಳಲ್ಲಿ ಬೇರೆಯದೇ ಹೊಳಪು: ದೀಪದ ಕೆಳಗೆ ವಾಲಿಸಿದರೆ ಬಂಡಿಯ ಚಕ್ರದ ಅರೆಗಳಂತೆ ಬೆಳಕಿನ ಪಟ್ಟಿಗಳು ಸುತ್ತುತ್ತವೆ.

ಈ ಕನ್ನಡಿ ಹೊಳಪಿನ ಶಾಸ್ತ್ರವನ್ನು ಹೆಚ್ಚು ಬೆಳೆಸಿದವರು ಅಮೆರಿಕದ ಮಾರ್ಗನ್ ಡಾಲರುಗಳ ಸಂಗ್ರಾಹಕರು. ಅವರ ಅಳತೆ ಬಹಳ ಸರಳ. ನಾಣ್ಯವನ್ನು ಅಡ್ಡಪಟ್ಟಿಯ ತುದಿಯಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ಬಯಲಿನಲ್ಲಿ ಎಷ್ಟು ಇಂಚು ದೂರದ ಅಂಕಿಯವರೆಗೆ ಪ್ರತಿಬಿಂಬ ಓದಲು ಬರುತ್ತದೆಂದು ನೋಡುವುದು. ಸಾಮಾನ್ಯವಾಗಿ ಎರಡರಿಂದ ನಾಲ್ಕು ಇಂಚಿನವರೆಗೆ ಸ್ಪಷ್ಟವಾಗಿ ಕಂಡರೆ ಪ್ರೂಫ್‌ಲೈಕ್. ಅದನ್ನೂ ಮೀರಿ ಆರು ಇಂಚಿನವರೆಗೆ ಹೋದರೆ ಆಳವಾದ ಕನ್ನಡಿ. ಎರಡು ಮಗ್ಗುಲೂ ಈ ಪರೀಕ್ಷೆಯಲ್ಲಿ ಗೆಲ್ಲಬೇಕು. ತೀರ್ಪು ಯಾವಾಗಲೂ ಸೋತ ಮಗ್ಗುಲಿನದು.

ಆ ಸಂಜೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅದೇ ಪರೀಕ್ಷೆ ನಡೆಯಿತು. ಮನೆಯ ಎಲ್ಲ ದೀಪ ಆರಿಸಿ ಓದುವ ಒಂದೇ ದೀಪ ಹಚ್ಚಿದೆ. ಐರ್ಲೆಂಡಿನ ಚಳಿಗಾಲದ ಬೂದು ಬೆಳಕಿನಲ್ಲಿ ನಾಣ್ಯ ನೋಡಬಾರದು; ಮೋಡದೊಳಗಿಂದ ಸೋಸಿ ಬರುವ ಬೆಳಕು ಎಲ್ಲ ಗೀರುಗಳನ್ನೂ ಮುಚ್ಚಿಹಾಕುತ್ತದೆ. ಕೈತೊಳೆದು ಒರೆಸಿಕೊಂಡು, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿದೆ. ಅಡ್ಡಪಟ್ಟಿ ಸಿಗಲಿಲ್ಲ. ಮಗನ ಶಾಲೆಯ ಚೀಲ ಹುಡುಕುವ ಬದಲು ಗೋಡೆಗೆ ತೂಗುಹಾಕಿದ್ದ ಕನ್ನಡ ಕ್ಯಾಲೆಂಡರನ್ನೇ ಇಳಿಸಿ ಹಾಸಿದೆ. ಏಕಾದಶಿ, ದ್ವಾದಶಿ ಎಂಬ ಸಣ್ಣ ಅಕ್ಷರಗಳು ಪಿಯರ್ಸ್ ಅವರ ಮುಖದ ಪಕ್ಕದ ಬಯಲಿನಲ್ಲಿ ತಿರುವುಮುರುವಾಗಿ ಮೂಡಿದವು. ಅಜ್ಜಿ ಬಗ್ಗಿ ನೋಡಿ, “ಅದೇನು ಲಿಪಿ, ಹಾರದ ಹಾಗಿದೆ” ಎಂದರು. ಬೆರಳಿನಿಂದ ಅಳೆದು, ಬಳಿಕ ಟೇಪು ಸಿಕ್ಕಮೇಲೆ ಮತ್ತೆ ಅಳೆದೆ. ನಾಲ್ಕು ಇಂಚಿನವರೆಗೆ ಅಕ್ಷರ ಓದಲು ಬರುತ್ತಿತ್ತು. ಕುಹುಲಿನ್ ಇರುವ ಮಗ್ಗುಲಿನಲ್ಲಿ ಎರಡು ಇಂಚಿಗೇ ಮಸುಕಾಯಿತು.

ಇಷ್ಟರಿಂದ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉಜ್ಜಿದ ನಾಣ್ಯವೂ ಅಕ್ಷರಗಳನ್ನು ಪ್ರತಿಫಲಿಸಬಲ್ಲದು. ನನ್ನ 90 ಯೂರೋದ ಮೀನು ಕೂಡ ಪ್ರತಿಫಲಿಸುತ್ತಿತ್ತು. ಹೊಳಪು ಅಚ್ಚಿನಿಂದ ಬಂದಿತೋ ಬಟ್ಟೆಯಿಂದ ಬಂದಿತೋ ಎಂಬುದನ್ನು ಹೇಳುವುದು ಗೆರೆಗಳು. ಅಚ್ಚಿನಲ್ಲಿ ಎಲ್ಲವೂ ತಲೆಕೆಳಗು: ನಾಣ್ಯದ ಬಯಲು ಅಲ್ಲಿ ಎತ್ತರದ ಸಮತಟ್ಟು, ನಾಣ್ಯದ ಉಬ್ಬುಚಿತ್ರ ಅಲ್ಲಿ ತಗ್ಗು. ಅಚ್ಚನ್ನು ಉಜ್ಜುವಾಗ ಗೀರು ಬೀಳುವುದು ಎತ್ತರದ ಸಮತಟ್ಟಿನ ಮೇಲೆ. ತಗ್ಗಿನೊಳಕ್ಕೆ ಅದು ಇಳಿಯುವುದಿಲ್ಲ. ಆ ಗೀರು ನಾಣ್ಯದಲ್ಲಿ ಉಬ್ಬಿದ ಎಳೆಯಾಗಿ ಮೂಡುತ್ತದೆ, ಮತ್ತು ಚಿತ್ರದ ಅಂಚಿಗೆ ಬಂದೊಡನೆ ನಿಂತುಬಿಡುತ್ತದೆ. ನಾಣ್ಯವನ್ನೇ ಯಾರಾದರೂ ಉಜ್ಜಿದರೆ ಗೀರು ಒಳಕ್ಕೆ ಕೊರೆಯುತ್ತದೆ; ಬಯಲಿನಿಂದ ಹೊರಟು ಕೆನ್ನೆ, ಮೂಗು, ಕೂದಲನ್ನೆಲ್ಲ ದಾಟಿ ಆಚೆ ಹೋಗುತ್ತದೆ. ಬಟ್ಟೆ ಹಿಡಿದ ಕೈಗೆ ಮುಖ ಯಾವುದು ಬಯಲು ಯಾವುದು ಎಂಬ ಭೇದ ಗೊತ್ತಿಲ್ಲ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದೆ. ಪಿಯರ್ಸ್ ಅವರ ಹಣೆಯ ಮುಂದೆ ಕೂದಲೆಳೆಗಿಂತ ತೆಳುವಾದ ಗೆರೆಗಳು ಓರೆಯಾಗಿ ಹರಿದಿದ್ದವು. ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರೂ ಅವು ಉಬ್ಬಿಯೇ ಇದ್ದವು. ಹಣೆಯನ್ನು ಮುಟ್ಟಿದ ಕಡೆ ಅಲ್ಲಿಗೇ ನಿಂತಿದ್ದವು; ಒಂದೂ ಹಣೆಯ ಮೇಲೆ ಹತ್ತಿರಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ಆದರೂ ಅಜ್ಜಿಗೆ ನನ್ನ ಮಾತನ್ನು ನಂಬಿಸುವ ಬದಲು ಅವರ ಕಣ್ಣಿಗೇ ಕಾಣಿಸಬೇಕು ಎನ್ನಿಸಿತು. ದೇವರ ಗೂಡಿನಿಂದ ನಮ್ಮ ಮನೆಯ ನಾಣ್ಯವನ್ನು ತಂದೆ.

ಅದು 1969ರಲ್ಲಿ ಗಾಂಧೀ ಜನ್ಮಶತಾಬ್ದಿಗೆ ಭಾರತ ಸರ್ಕಾರ ಹೊರತಂದ ಹತ್ತು ರೂಪಾಯಿಯ ನಾಣ್ಯ. 15 ಗ್ರಾಂ ತೂಕ, ಅದರಲ್ಲಿ ಶೇಕಡ 80 ಬೆಳ್ಳಿ. ಅಪ್ಪ ಕೌಂಟರಿನಲ್ಲಿ ಹೊಸದಾಗಿಯೇ ಪಡೆದದ್ದು. ಅಮ್ಮ ಅದನ್ನು ವರಮಹಾಲಕ್ಷ್ಮಿಯ ತಟ್ಟೆಗೆ ಸೇರಿಸಿದರು. ಪ್ರತಿ ಶ್ರಾವಣದಲ್ಲಿ ಬೆಳ್ಳಿಯ ದೀಪ, ಕುಂಕುಮದ ಭರಣಿ, ಪಂಚಪಾತ್ರೆಗಳ ಜೊತೆಗೆ ಗಾಂಧೀಜಿಗೂ ಅಭ್ಯಂಜನ: ಮೊದಲು ಹುಣಸೆಹಣ್ಣು, ಬಳಿಕ ವಿಭೂತಿ, ಕೊನೆಗೆ ಹಳೆಯ ಪಂಚೆಯ ತುಂಡು. ನಾನು ವಿಮಾನ ಹತ್ತುವಾಗ ಕುಂಕುಮದ ಪೊಟ್ಟಣದೊಂದಿಗೆ ಅದನ್ನು ನನ್ನ ಕೈಗಿಟ್ಟರು. ಭೂತಗನ್ನಡಿಯಲ್ಲಿ ಗಾಂಧೀಜಿಯ ಕೆನ್ನೆ ಗದ್ದೆ ಉತ್ತಂತೆ ಕಾಣುತ್ತದೆ. ಬಯಲಿನಲ್ಲಿ ಹುಟ್ಟಿದ ಗೀರುಗಳು ಮೀಸೆಯನ್ನೂ ಕಿವಿಯನ್ನೂ ದಾಟಿ ಮತ್ತೊಂದು ಅಂಚಿಗೆ ಹೋಗಿವೆ. ದೀಪದ ಕೆಳಗೆ ವಾಲಿಸಿದರೆ ಚಕ್ರ ಸುತ್ತುವುದಿಲ್ಲ. ತೊಳೆದ ಲೋಟದ ಹಾಗೆ ಎಲ್ಲ ಕಡೆ ಒಂದೇ ಸಮನಾದ ಬಿಳುಪು. ಅದೇ ದೀಪದ ಕೆಳಗೆ ಅಜ್ಜಿಯ ನಾಣ್ಯವನ್ನು ವಾಲಿಸಿದಾಗ ಬಯಲು ಒಂದು ಕೋನದಲ್ಲಿ ಕಾಡಿಗೆಯಂತೆ ಕಪ್ಪಾಗಿ, ಮರುಕ್ಷಣ ಕಣ್ಣು ಕುಕ್ಕುವಂತೆ ಮಿಂಚಿತು.

ಅಜ್ಜಿ ಎರಡನ್ನೂ ಬಹಳ ಹೊತ್ತು ನೋಡಿದರು. “ಇದನ್ನು ಉಜ್ಜಿದವರು ಯಾರು?” ಎಂದು ಗಾಂಧೀಜಿಯ ಕಡೆ ಬೆರಳು ತೋರಿಸಿದರು. “ನನ್ನ ಅಮ್ಮ, ನಲವತ್ತು ವರ್ಷ” ಎಂದೆ. ಅವರು ನಕ್ಕರು. ನಾನು ಅದನ್ನು ಅಂದು ರಾತ್ರಿಯೇ ಅಮ್ಮನಿಗೆ ಹೇಳಿದಾಗ ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ದೇವರಿಗೆ ಕಪ್ಪು ಹಿಡಿದ ಬೆಳ್ಳಿ ಇಡಲು ಆಗುತ್ತದೆಯೇನೇ?” ಎಂದರು ಕೊನೆಗೆ. ಹಿಂದಿನಿಂದ ಅಪ್ಪನ ದನಿ: “ನಾನು ಮೊದಲ ವರ್ಷವೇ ಹೇಳಿದ್ದೆ.” ಅಪ್ಪನ ಬಳಿ ಅದರ ಜೋಡಿ ನಾಣ್ಯವೊಂದು ಬೀರುವಿನೊಳಗೆ ಅಡಗಿದೆ ಎಂಬುದು ಅಮ್ಮನಿಗೆ ಇಂದಿಗೂ ತಿಳಿಯದು. ಈ ಅಂಕಣವನ್ನು ಅವರು ಓದುತ್ತಾರೆ, ಅಪ್ಪ ಕ್ಷಮಿಸಲಿ.

ಉಜ್ಜಿದ್ದಲ್ಲ ಎಂಬುದು ನಿಶ್ಚಯವಾಯಿತು. ಹಾಗಾದರೆ ಪ್ರೂಫ್ ಆಗಿರಬಹುದೇ? ಅಜ್ಜಿಯ ಕಣ್ಣಿನಲ್ಲಿ ಆ ಆಸೆ ಕಂಡಿತು, ನನಗೂ ಹೌದೆನ್ನಬೇಕೆನಿಸಿತು. ಆದರೆ ಪ್ರೂಫ್ ನಾಣ್ಯದ ಅಂಚು ಕತ್ತರಿಸಿದಂತೆ ಚೌಕವಾಗಿರಬೇಕು, ಅಕ್ಷರಗಳ ಪಕ್ಕಗಳು ಗೋಡೆಯಂತೆ ನೆಟ್ಟಗಿರಬೇಕು, ಅಕ್ಷರದ ಹೊಟ್ಟೆಯೊಳಗಿನ ಚಿಕ್ಕ ಜಾಗವೂ ಕನ್ನಡಿಯಾಗಿರಬೇಕು. ಇಲ್ಲಿ ಅಂಚು ತುಸು ದುಂಡಗಿತ್ತು. ಎರಡು ಮಗ್ಗುಲಿನ ಹೊಳಪು ಸಮನಾಗಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಪಿಯರ್ಸ್ ಅವರ ಕೆನ್ನೆಯ ಮೇಲೆ ಮೂರು ಚಿಕ್ಕ ಕಚ್ಚುಗಳಿದ್ದವು. ಟಂಕಸಾಲೆಯ ಚೀಲದಲ್ಲಿ ಬೇರೆ ನಾಣ್ಯದ ಅಂಚು ತಗುಲಿದರೆ ಬೀಳುವ ಗುರುತು ಅದು. ಒಂದೊಂದಾಗಿ ಕೈಯಿಂದ ತೆಗೆದು ಡಬ್ಬಿಯಲ್ಲಿಟ್ಟ ನಾಣ್ಯಕ್ಕೆ ಆ ಪೆಟ್ಟು ಬೀಳುವ ಸಂಭವ ತೀರಾ ಕಡಿಮೆ.

ಆದ್ದರಿಂದ ನನ್ನ ತೀರ್ಪು ಇಷ್ಟು: ಇದು ಚೀಲದಿಂದಲೇ ಬಂದ ಚಲಾವಣೆಯ ನಾಣ್ಯ, ಆಗತಾನೆ ನಯಗೊಳಿಸಿದ ಅಚ್ಚಿನಿಂದ ಮೊದಮೊದಲು ಬಂದದ್ದು, ಪಿಯರ್ಸ್ ಮಗ್ಗುಲು ಒಳ್ಳೆಯ ಪ್ರೂಫ್‌ಲೈಕ್, ಕುಹುಲಿನ್ ಮಗ್ಗುಲು ಅದರ ಹೊಸ್ತಿಲಿನಲ್ಲಿದೆ. ಬೆಳ್ಳಿಯ ತೂಕಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ, ಹಸಿರು ಡಬ್ಬಿಯ ಪ್ರೂಫಿನ ಸಾಲಿಗೆ ಸೇರದು. ನಾಣ್ಯಗಳಿಗೆ ದರ್ಜೆ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುದ್ರೆಮಾಡಿ ಕಳಿಸುವ ಅಮೆರಿಕದ ಸಂಸ್ಥೆಗಳಿಗೆ ಕಳುಹಿಸಿದರೆ ಅಧಿಕೃತ ಉತ್ತರ ಸಿಗುತ್ತದೆ. ಆದರೆ ಇಂತಹ ನಾಣ್ಯಕ್ಕೆ ಶುಲ್ಕ, ಅಂಚೆ, ವಿಮೆ ಎಲ್ಲ ಸೇರಿ ಕೂದಲಿಗಿಂತ ಕ್ಷೌರದ ಖರ್ಚು ಹೆಚ್ಚಾದೀತು. ವ್ಯಾಪಾರಿ ಮೋಸ ಮಾಡಿದನೆಂದು ನಾನು ಹೇಳಲಾರೆ. ಉಜ್ಜಿದ ನಾಣ್ಯಗಳನ್ನೇ ದಿನವೂ ನೋಡುವ ಕಣ್ಣಿಗೆ ಹೊಳಪೆಲ್ಲ ಉಜ್ಜಿದ್ದಾಗಿಯೇ ಕಾಣುತ್ತದೆ.

ಊರಿನಿಂದ ಬರಲಿರುವವರಿಗೂ ಕಳುಹಿಸುವ ಹಿರಿಯರಿಗೂ ಇಲ್ಲಿ ಒಂದು ಎಚ್ಚರಿಕೆ. ಅಜ್ಜನ ಕಾಲದ ಬೆಳ್ಳಿ ರೂಪಾಯಿಯನ್ನು ನೆನಪಿಗೆಂದು ಪೆಟ್ಟಿಗೆಯಲ್ಲಿಟ್ಟು ತರುವ ಮೊದಲು ಅದರ ವರ್ಷ ನೋಡಿ. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಕ್ಕೆ ಒಯ್ಯುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡ್ ರೂಪಾಯಿಗಳೆಲ್ಲ ಈ ಲೆಕ್ಕಕ್ಕೆ ಸೇರಿದವು. ಐದನೆಯ ಜಾರ್ಜ್‌ನ ರೂಪಾಯಿಗಳೂ ಸೇರಿವೆ. ಅವು ಊರಿನ ಬೀರುವಿನಲ್ಲಿಯೇ ಇರಲಿ. ಮತ್ತು ಬೀರುವಿನಲ್ಲಿರುವ ಯಾವ ನಾಣ್ಯವನ್ನೂ ಹುಣಸೆಹಣ್ಣು, ಹಲ್ಲುಪುಡಿ, ವಿಭೂತಿ, ಅಂಗಡಿಯ ಬೆಳ್ಳಿ ದ್ರಾವಣಗಳಿಗೆ ತೋರಿಸಬೇಡಿ. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಚೀಲವೂ ಬೇಡ. ಕೆಲವು ವರ್ಷಗಳಲ್ಲಿ ಅದು ನಾಣ್ಯದ ಮೇಲೆ ಹಸಿರು ಜಿಡ್ಡು ಬಿಡುತ್ತದೆ. ದೇವರಿಗೆ ಬೇಕಾದರೆ ಅಕ್ಕಸಾಲಿಗನಿಂದ ಹೊಸ ಲಕ್ಷ್ಮೀ ಬಿಲ್ಲೆ ತಂದು ಮನಸೋಇಚ್ಛೆ ತಿಕ್ಕಬಹುದು.

ಅಜ್ಜಿಗೆ ನಾನು ತೀರ್ಪು ಹೇಳಿದಾಗ ಅವರು ಬೆಲೆಯ ಮಾತನ್ನು ಕೇಳಲೇ ಇಲ್ಲ. “ಹಾಗಾದರೆ ಅವನು ಮುಟ್ಟಿರಲಿಲ್ಲ” ಎಂದರು. “ಇಲ್ಲ, ಮುಟ್ಟಿರಲಿಲ್ಲ” ಎಂದೆ. “ಹುಟ್ಟಿದ್ದೇ ಹೀಗೆ.” “ಹೌದು.” ಚಹಾ ಕುಡಿದರು. ಆ ವರ್ಷ ಮಾರ್ಚ್ 8ರ ನಸುಕಿನಲ್ಲಿ ಓಕಾನೆಲ್ ಬೀದಿಯ ನೆಲ್ಸನ್ ಸ್ತಂಭವನ್ನು ಸಿಡಿಮದ್ದಿಟ್ಟು ಉರುಳಿಸಿದ್ದು, ಬಸ್ಸುಗಳೆಲ್ಲ ದಾರಿ ಬದಲಿಸಿದ್ದು, ಮದುವೆಯ ಹೊಸತರಲ್ಲಿ ಹತ್ತು ಶಿಲಿಂಗನ್ನು ಹೀಗೆ ಹಾಳುಮಾಡಿದನಲ್ಲ ಎಂದು ತಾವು ಪತಿಯ ಮೇಲೆ ಒಂದು ವಾರ ಮುನಿಸಿಕೊಂಡದ್ದು, ಎಲ್ಲವನ್ನೂ ಹೇಳಿದರು.

ಮರುದಿನ ನಾಣ್ಯವನ್ನು ಗಟ್ಟಿಯಾದ ಪಾರದರ್ಶಕ ಕವಚದೊಳಗಿಟ್ಟು, ಪರ್ತ್‌ಗೆ ಹೋಗುವ ಲಕೋಟೆಯನ್ನು ಸಿದ್ಧಪಡಿಸಿದೆವು. ಅವರ ಕೈ ನಡುಗುವುದರಿಂದ ವಿಳಾಸ ಬರೆದವಳು ನಾನು. ಒಳಗಿನ ಚೀಟಿಯಲ್ಲಿ ಏನು ಬರೆಯಲಿ ಎಂದು ಕೇಳಿದೆ. ತಾತನ ವಿಷಯ ನಾಲ್ಕು ಸಾಲು ಹೇಳುತ್ತಾರೆಂದು ಲೇಖನಿ ಹಿಡಿದು ಕಾದೆ. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಯೋಚಿಸಿದರು.

“ತೊಳೆಯಬೇಡ ಎಂದು ಬರೆ” ಎಂದರು. “ದಪ್ಪ ಅಕ್ಷರದಲ್ಲಿ.”